ಸರ್ಕಾರಿ ತುರ್ತು

1946, ಫೆಬ್ರವರಿ 6, ಬುಧವಾರ

ಇವತ್ತು ಡಾಕ್ಟರರಿಂದ ಬೈಸಿಕೊಂಡೆ. ತಪ್ಪು ನನ್ನದಲ್ಲ. ಬರೆದರೆ ಸಿಟ್ಟು ಇಳಿದೀತೆಂದು ಬರೆಯಲು ಕುಳಿತೆ, ಇಳಿಯುತ್ತಿಲ್ಲ.

ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಿಂದ ರಾಜಧಾನಿಗೆ ಹೋಗುವ ಲೈನು ಒಂದೇ ಒಂದು. ಅದರಲ್ಲಿ ಯಾರೇ ಮಾತಾಡುತ್ತಿರಲಿ, 'ಸರ್ಕಾರಿ ತುರ್ತು' ಎಂದು ಕರೆ ಬಂದರೆ ಅವರನ್ನು ಕತ್ತರಿಸಿ ಲೈನು ಬಿಡಿಸಿಕೊಡಬೇಕು. ಉಳಿದವರೆಲ್ಲ 'ಖಾಸಗಿ', ಸರದಿಯಲ್ಲಿ ಕಾಯಬೇಕು. ನಿಯಮ ನಾನು ಮಾಡಿದ್ದೇ? ಡಾಕ್ಟರರು ರಾಜಧಾನಿಯ ದೊಡ್ಡಾಸ್ಪತ್ರೆಯವರನ್ನು ಯಾರದೋ ಹೆರಿಗೆಯ ಬಗ್ಗೆ ಕೇಳುತ್ತಿದ್ದರು. ಅಷ್ಟರಲ್ಲಿ ನನ್ನ ಬೋರ್ಡಿನಲ್ಲಿ ಕಲೆಕ್ಟರ್ ಸಾಹೇಬರ ನಂಬರಿನ ಮುಚ್ಚಳ, ಕರೆ ಬಂದಾಗ ಕಳಚಿಕೊಳ್ಳುವುದು, ಟಪ್ಪೆಂದು ಬಿತ್ತು.

"ನಂಬರ್ ಪ್ಲೀಸ್. ಸರ್ಕಾರಿ ತುರ್ತೋ, ಖಾಸಗಿಯೋ?"

"ಸರ್ಕಾರಿ ತುರ್ತು," ಎಂದರು ತಮ್ಮ ಇಂಗ್ಲಿಷಿನಲ್ಲಿ. ಈ ನಾಲ್ಕು ವರ್ಷದಲ್ಲಿ ಅವರ ಬಾಯಿಂದ ಬೇರೆ ಉತ್ತರ ಬಂದಿದ್ದನ್ನು ನಾನು ಕೇಳಿಲ್ಲ.

ಡಾಕ್ಟರರನ್ನು ಕತ್ತರಿಸಿದೆ. ಮಾತು ಮುಗಿಯಿತೋ ಇಲ್ಲವೋ ಎಂದು ನೋಡಲು ನಡುವೆ ಕಿವಿ ಕೊಡಲೇಬೇಕು, ಅದೂ ನಿಯಮವೇ. ನಾನು ಕದ್ದು ಕೇಳುವವಳಲ್ಲ. ಸಾಹೇಬರು ಟೆನ್ನಿಸ್ ಬ್ಯಾಟು ರಿಪೇರಿಯವನ ಹತ್ತಿರ ಮಾತಾಡುತ್ತಿದ್ದರು. ಆ ಬ್ಯಾಟಿನ ಪುರಾಣ ಮುಗಿಯುವ ಹೊತ್ತಿಗೆ ಡಾಕ್ಟರರು ನನ್ನ ಕಿವಿ ಕಿತ್ತುಹೋಗುವಂತೆ ಕೂಗಿದರು.

"ಏನಮ್ಮಾ, ಇಲ್ಲೊಬ್ಬಳು ನೋವು ತಿಂತಾ ಮಲಗಿದಾಳೆ, ನೀನು ಅಲ್ಲಿ ಕೂತು ಕತ್ತರಿ ಆಡಿಸ್ತಿದೀಯಾ?"

"ನಿಯಮ ಡಾಕ್ಟ್ರೇ."

"ನಿನ್ನ ನಿಯಮಕ್ಕಿಷ್ಟು ಬೆಂಕಿ ಹಾಕ!"

ಮನೆಗೆ ಬಂದಾಗ ಅಪ್ಪ ಎಂದಿನಂತೆ ಬಾಗಿಲಲ್ಲೇ ಕೇಳಿದರು. "ಬೋರ್ಡು ಬಿಟ್ಟು ಏಳಲಿಲ್ಲ ತಾನೇ?" ದಿನವೂ ಇದೇ ಪ್ರಶ್ನೆ. ಇಲ್ಲಪ್ಪ ಎಂದೆ. ಅವರು ತಂತಿ ಕಚೇರಿಯಲ್ಲಿದ್ದಾಗ ಪ್ರವಾಹ ಬಂದು ನೀರು ಮೊಣಕಾಲು ಮುಟ್ಟಿದರೂ ಕುರ್ಚಿ ಬಿಟ್ಟು ಏಳದೆ ಸಂದೇಶ ಕಳಿಸಿದವರು. ಆಗ ಕೊಟ್ಟ ಪದಕ ಗೋಡೆಯ ಮೇಲಿದೆ. ಕಣ್ಣು ಮಂಜಾದರೂ ದಿನಾ ಅದನ್ನು ಅವರೇ ಒರೆಸುತ್ತಾರೆ.

ಫೆಬ್ರವರಿ 9

ಆ ಹೆಂಗಸು ಉಳಿದಳಂತೆ, ಮಗು ಉಳಿಯಲಿಲ್ಲವಂತೆ. ಪಕ್ಕದ ಬೋರ್ಡಿನ ಗುಬ್ಬಿ ಹೇಳಿದಳು. ಬಾಯಿಗೆ ಬಿಡುವೇ ಇಲ್ಲದ್ದರಿಂದ ನಾವಿಟ್ಟ ಹೆಸರು ಗುಬ್ಬಿ.

"ಫೋನು ಕತ್ತರಿಸಿದ್ದಕ್ಕೇ ಹಾಗಾಯ್ತು ಅಂತ ಹೇಗೆ ಹೇಳ್ತೀಯೇ?" ಎಂದು ಅವಳ ಮೇಲೆ ಹರಿಹಾಯ್ದೆ.

"ನಾನೆಲ್ಲಿ ಹಾಗಂದೆ?" ಎಂದಳು.

ಹೌದು, ಅವಳು ಹಾಗೆ ಹೇಳಲೇ ಇಲ್ಲ.

ಫೆಬ್ರವರಿ 20

ಬೆಳಗಿನಿಂದ ಬೋರ್ಡಿನ ಮುಚ್ಚಳಗಳೆಲ್ಲ ಒಟ್ಟಿಗೇ ಉದುರುತ್ತಿವೆ. ಜವಳಿ ಅಂಗಡಿ, ವಕೀಲರು, ಗಿರಣಿ ಕಚೇರಿ, ಎಲ್ಲರ ಬಾಯಲ್ಲೂ ಒಂದೇ ಮಾತು. ನೌಕಾದಳದ ಹುಡುಗರು ಹಡಗುಗಳಲ್ಲಿ ಕೆಲಸ ನಿಲ್ಲಿಸಿದ್ದಾರಂತೆ, ಬ್ರಿಟಿಷರ ಬಾವುಟ ಇಳಿಸಿದ್ದಾರಂತೆ. "ನಿಜಾನಾ ತಂಗೀ? ನಿಮಗೆ ಗೊತ್ತಿರುತ್ತಲ್ಲ?" ಎಂದು ನನ್ನನ್ನೇ ಕೇಳುತ್ತಾರೆ. ನನಗೆ ಗೊತ್ತಿರುವುದು 'ನಂಬರ್ ಪ್ಲೀಸ್' ಒಂದೇ.

ಸಾಹೇಬರು ರಾಜಧಾನಿಯ ಮೇಲಧಿಕಾರಿಗೆ ಫೋನು ಮಾಡಿದರು. ಸರ್ಕಾರಿ ತುರ್ತು. ಲೈನು ನೋಡಲು ಕಿವಿ ಕೊಟ್ಟಾಗ ಬಿದ್ದ ಮಾತು ಇಷ್ಟು.

"ಊಟ ಸರಿಯಿಲ್ಲ ಅನ್ನೋ ಗಲಾಟೆ ತಾನೇ?" ಎಂದರು ಸಾಹೇಬರು.

"ಊಟದ್ದೇ ಆಗಿದ್ರೆ ಒಳ್ಳೇ ಊಟ ಹಾಕಿ ಮುಗಿಸಬಹುದಿತ್ತು. ಇವರು ನಮ್ಮ ಸಮವಸ್ತ್ರ ತೊಟ್ಟವರು ಕಣಯ್ಯಾ. ನಾಳೆ ಇನ್ನು ಯಾರಿಗೆ ಆಜ್ಞೆ ಕೊಡೋದು?"

ಅಪ್ಪನಿಗೆ ಸುದ್ದಿ ಹೇಳಿದರೆ ಕೆಂಡವಾದರು. "ತಲೆಕೆಟ್ಟ ಹುಡುಗರು! ಜರ್ಮನಿಯವನಿಗೇ ಮಣ್ಣು ಮುಕ್ಕಿಸಿದ ಸರ್ಕಾರ ಇದು."

"ಮಣ್ಣು ಮುಕ್ಕಿಸಿದವರಲ್ಲಿ ಈ ಹುಡುಗರೂ ಇದ್ರಲ್ಲಪ್ಪಾ?"

ಬಾಯಿ ತಪ್ಪಿ ಬಂತು. ಅಪ್ಪ ಯಾವಾಗಲೂ ಕುರ್ಚಿಯ ಕೈ ಮೇಲೆ ಬೆರಳಿನಿಂದ ತಂತಿ ಭಾಷೆ ಕುಟ್ಟುತ್ತಿರುತ್ತಾರೆ. ಆ ಬೆರಳು ನಿಂತಿತು. ಮತ್ತೆ ಕುಟ್ಟಲು ಶುರುಮಾಡುವವರೆಗೆ ನಾನು ಪಾತ್ರೆ ತೊಳೆದೆ, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದೆ.

ಮಾರ್ಚ್ 14

ಕೂತಲ್ಲಿ ಕೂರಲಾಗುತ್ತಿಲ್ಲ. ಬೋರ್ಡಿನ ಕೆಳಗೆ ಕಾಲು ತನ್ನಷ್ಟಕ್ಕೆ ಕುಣಿಯುತ್ತದೆ. "ಭೂಕಂಪ ಅಂದ್ಕೊಂಡೆ," ಎಂದಳು ಗುಬ್ಬಿ.

ಯುದ್ಧಕ್ಕೆ ಹೋಗಿದ್ದ ಗಂಡಸರು ಹಿಂದಿರುಗುತ್ತಿದ್ದಾರೆ. ಅವರಿಗೆ ಕೆಲಸ ಕೊಡಲು ನಮ್ಮಂಥ ತಾತ್ಕಾಲಿಕದವರನ್ನು ಕೈಬಿಡುತ್ತಾರಂತೆ. ಯುದ್ಧ ಇದ್ದಾಗ ಬನ್ನಿ ಬನ್ನಿ ಎಂದು ಕರೆದು ಕೂರಿಸಿದವರೂ ಇವರೇ. ನನ್ನ ಕೆಲಸ ಖಾಯಂ ಆಗದಿದ್ದರೆ ಅಪ್ಪನ ಪಿಂಚಣಿಯಲ್ಲಿ ಈ ಮನೆಯ ಬಾಡಿಗೆಯೂ ಹುಟ್ಟುವುದಿಲ್ಲ. ಇದನ್ನು ಅಪ್ಪನಿಗೆ ಹೇಳಿಲ್ಲ. ಸರ್ಕಾರ ಯಾರನ್ನೂ ಕೈಬಿಡುವುದಿಲ್ಲ ಎಂದು ಅವರು ನಂಬಿದ್ದಾರೆ.

ಏಪ್ರಿಲ್ 27

ಸಾಹೇಬರು ಇಂದು ಬಿಳಿಯ ಸಿಪಾಯಿಗಳ ಪಲ್ಟನ್ ಬೇಕೆಂದು ಕೇಳಿದರು. ಮೇಲಧಿಕಾರಿ ನಕ್ಕುಬಿಟ್ಟರು. ಆ ನಗು ನನಗೆ ಹಿಡಿಸಲಿಲ್ಲ.

"ಎಲ್ಲಿಂದ ತರಲಿ? ಅವರೆಲ್ಲ ಮನೆಗೆ ಕಳಿಸಿ ಅಂತ ಗಲಾಟೆ ಮಾಡ್ತಿದಾರೆ. ಯುದ್ಧ ಗೆದ್ದು ನಮ್ಮ ಖಜಾನೆ ಬರಿದಾಗಿದೆ. ಅಲ್ಲಿ ಇಂಗ್ಲೆಂಡಿನಲ್ಲಿ ನನ್ನ ತಾಯಿ ಬೆಣ್ಣೆಗೆ ಸಾಲು ನಿಂತಿದಾಳೆ. ಇರೋವರಲ್ಲೇ ನಡೆಸು."

ಸಾಹೇಬರು ತಕ್ಷಣ ಪೊಲೀಸ್ ವರಿಷ್ಠರಿಗೆ ಫೋನು ಮಾಡಿ, "ನಿನ್ನ ಜನ ಹೇಳಿದ ಮಾತು ಕೇಳ್ತಾರಾ?" ಎಂದರು.

"ಇವತ್ತು ಕೇಳ್ತಾರೆ ಸರ್."

ಅಷ್ಟೇ. ಮುಗಿಯಿತೇ ಎಂದು ನಾನು ಕೇಳುವ ಮೊದಲೇ ಇಬ್ಬರೂ ಇಟ್ಟುಬಿಟ್ಟರು. ಇಡುವ ಮುಂಚೆ ಸಾಹೇಬರು ನನಗೆ 'ಥ್ಯಾಂಕ್ಯೂ' ಎಂದರು. ಯಾಕೆ ಎಂದರು? ಇಡೀ ದಿನ ಅದೇ ಹುಳ ತಲೆ ಕೊರೆಯಿತು. ಹಿಂದೆಂದೂ ಹೇಳದವರು ಹೇಳಿದರೆ ಹೆದರಿಕೆಯಾಗುತ್ತದೆ.

ಜೂನ್ 28

ಅಂಚೆ, ತಂತಿ, ಟೆಲಿಫೋನಿನವರೆಲ್ಲ ಸೇರಿ ಮುಷ್ಕರ ಮಾಡುತ್ತಾರಂತೆ. ಗುಬ್ಬಿ ಚಹಾ ಹೊತ್ತಿನಲ್ಲಿ ಕೇಳಿಯೇಬಿಟ್ಟಳು.

"ನೀನು ಬರ್ತೀಯಾ ಇಲ್ವಾ?"

"ಬೋರ್ಡು ಯಾರು ನೋಡ್ಕೊತಾರೆ?"

"ಯಾರೂ ಇಲ್ಲ. ಅದಕ್ಕೇ ಮುಷ್ಕರ ಅನ್ನೋದು ಮಾರಾಯ್ತಿ!"

ನನಗೆ ಅದು ತಲೆಗೆ ಹೋಗಲೇ ಇಲ್ಲ. ನಮ್ಮಲ್ಲಿ ಪಾಳಿ ಮುಗಿದರೂ ಹಾಗೇ ಎದ್ದುಹೋಗುವಂತಿಲ್ಲ. ಮುಂದಿನವಳು ಬಂದು ಹೆಗಲ ಮೇಲೆ ಕೈಯಿಟ್ಟು 'ನನ್ನದು' ಎನ್ನಬೇಕು, ಆಮೇಲೆಯೇ ಏಳುವುದು. ಒಮ್ಮೆ ಜ್ವರದಲ್ಲಿ ಕಣ್ಣು ಕತ್ತಲೆ ಬಂದರೂ ಆ ಕೈಗಾಗಿ ಕಾದವಳು ನಾನು.

ಮಧ್ಯಾಹ್ನ ಮೇಲ್ವಿಚಾರಕಿ ಒಳಗೆ ಕರೆದರು. ನಮ್ಮೆಲ್ಲರ ಬಾಯಲ್ಲಿ ಅವರು 'ಗಡಿಯಾರ'. ಬಾಗಿಲು ಹಾಕಿ, "ಎಲ್ಲರೂ ಎದ್ದರೂ ನೀನು ಕೂತಿದ್ರೆ ನಿನ್ನ ಕೆಲಸ ಖಾಯಂ. ಸಾಹೇಬರೇ ಮಾತು ಕೊಟ್ಟಿದಾರೆ," ಎಂದರು.

ಅಪ್ಪನಿಗೆ ಇದನ್ನು ಹೇಳಿದೆ. ಅವರ ಮುಖ ಅರಳಿದ್ದನ್ನು ನೋಡಿದ ಮೇಲೆ ಯೋಚಿಸುವುದೇನೂ ಉಳಿಯಲಿಲ್ಲ.

ಜುಲೈ 11, ಗುರುವಾರ

ಎಲ್ಲರೂ ಎದ್ದರು. ನಾನು ಕೂತೆ.

ಗುಬ್ಬಿ ಹೋಗುವಾಗ ಏನೂ ಹೇಳಲಿಲ್ಲ. ಅವಳ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಜುಲೈ 12

ಬೋರ್ಡು ನಡೆಸಲು ಕ್ಲಬ್ಬಿನ ದೊರೆಸಾನಿಯರು ಬಂದರು. ಕಲೆಕ್ಟರರ ಹೆಂಡತಿಯೇ ಮುಂದಾಳು. ಕೈಗವಸು ಬಿಚ್ಚಿ, ಕತ್ತು ನೆಟ್ಟಗೆ ಮಾಡಿಕೊಂಡು ಗುಬ್ಬಿಯ ಕುರ್ಚಿಯಲ್ಲಿ ಕೂತರು. ಮೊದಲ ಕರೆಗೇ ತಮ್ಮ ಗಂಡನನ್ನು ಮಂಜುಗಡ್ಡೆ ಕಾರ್ಖಾನೆಗೆ ಜೋಡಿಸಿದರು. ಅವರಿಬ್ಬರೂ ಒಬ್ಬರನ್ನೊಬ್ಬರು 'ನೀನ್ಯಾರಯ್ಯಾ' ಎಂದು ವಿಚಾರಿಸಿಕೊಳ್ಳುತ್ತಿದ್ದಾಗ ದೊರೆಸಾನಿ ಇನ್ನೊಂದು ವೈರು ಎಳೆದರು, ಮತ್ತೊಂದು ಎಳೆದರು, ಕೊನೆಗೆ ಬೋರ್ಡು ಬೆಕ್ಕು ಹೊಕ್ಕ ನೂಲಿನ ಬುಟ್ಟಿಯಂತಾಯಿತು. ಮಧ್ಯಾಹ್ನದೊಳಗೆ ಎಲ್ಲರಿಗೂ ತಲೆನೋವು ಬಂದು ಮನೆಗೆ ಹೋದರು. ಸಿಕ್ಕು ಬಿಡಿಸುತ್ತ ನನಗೆ ನಗು ತಡೆಯಲಾಗಲಿಲ್ಲ. ಜೊತೆಗೆ ನಗಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಮುಷ್ಕರದವರೆಲ್ಲ ಕೂತಿದ್ದಾರೆ. ಒಳಗೆ ಬರುವಾಗ ಅವರ ನಡುವೆಯೇ ದಾಟಿ ಬರಬೇಕು. ಯಾರೂ ಬೈಯುವುದಿಲ್ಲ, ಕಾಲು ಸರಿಸಿ ದಾರಿ ಬಿಡುತ್ತಾರೆ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 13, ಶನಿವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಗ್ಗೆ ಗಡಿಯಾರವೂ ಬರಲಿಲ್ಲ, ಮೈ ಸರಿಯಿಲ್ಲವೆಂದು ಹೇಳಿಕಳಿಸಿದರು. ದೊಡ್ಡ ಕೋಣೆ, ಉದ್ದಕ್ಕೂ ಖಾಲಿ ಕುರ್ಚಿಗಳು, ನಡುವೆ ನಾನು. ಡಾಕ್ಟರರು ದೊಡ್ಡಾಸ್ಪತ್ರೆಯ ಲೈನು ಕೇಳಿದರು, ಕೊಟ್ಟೆ. ಯಾರೋ ಗಿರಣಿ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡಿದ್ದಾನೆ, ರಕ್ತ ನಿಲ್ಲುತ್ತಿಲ್ಲ. ಅತ್ತಲಿನ ಡಾಕ್ಟರು ಎಲ್ಲಿ ಹಿಡಿಯಬೇಕು, ಎಲ್ಲಿ ಕಟ್ಟಬೇಕು ಎಂದು ಒಂದೊಂದಾಗಿ ಹೇಳಿಕೊಡುತ್ತಿದ್ದರು. ಈ ಸಲ ಕಿವಿಯನ್ನು ಬೇಕೆಂದೇ ತೆಗೆಯಲಿಲ್ಲ. ಕದ್ದು ಕೇಳಿದೆ, ಸರಿಯೇ?

ಟಪ್. ಸಾಹೇಬರ ಮುಚ್ಚಳ.

"ನಂಬರ್ ಪ್ಲೀಸ್."

"ರಾಜಧಾನಿ. ಸರ್ಕಾರಿ ತುರ್ತು."

ಲೈನಿನ ವೈರು ನನ್ನ ಬೆರಳಲ್ಲೇ ಇತ್ತು. ಎಳೆದರೆ ಮುಗಿಯಿತು, ನಾಲ್ಕು ವರ್ಷದಿಂದ ಎಳೆದದ್ದೇ. ಎಳೆಯಲಿಲ್ಲ.

"ಲೈನಲ್ಲಿ ಆಸ್ಪತ್ರೆ ಇದೆ ಸರ್. ಕಾಯಬೇಕಾಗುತ್ತೆ."

"ಏನಂದೆ?"

"ಕಾಯಬೇಕಾಗುತ್ತೆ."

ಈಗ ಬೈಗುಳ ಬರುತ್ತದೆ, ಈಗ ಕೆಲಸ ಹೋಗುತ್ತದೆ ಎಂದು ಎಣಿಸುತ್ತ ಕೂತೆ. ಸಾಹೇಬರು ಕಾದರು. ನಿಜವಾಗಿಯೂ ಕಾದರು! ಡಾಕ್ಟರರು "ನಿಂತಿತು, ನಿಂತಿತು" ಎಂದು ಕೂಗುವವರೆಗೂ ಅವರ ಉಸಿರು ನನ್ನ ಇನ್ನೊಂದು ವೈರಿನಲ್ಲಿ ಕೇಳುತ್ತಿತ್ತು.

ಆಮೇಲೆ ಲೈನು ಕೊಟ್ಟೆ. ಮುಷ್ಕರ ಮುರಿಯಲು ಸಾಹೇಬರು ಜನ ಕೇಳಿದರು. ಅಲ್ಲಿಂದ "ನಿನ್ನಲ್ಲೇ ನೋಡ್ಕೊ" ಎಂಬ ಉತ್ತರ ಬಂತು. ಸಾಹೇಬರು ಊರ ಹೊರಗಿನ ದಂಡಿನ ಅಧಿಕಾರಿಯನ್ನು ಕೇಳಿದರು, ಜೋಡಿಸಿದೆ.

"ಟೆಲಿಫೋನ್ ಕಚೇರಿ ಮೆಟ್ಟಿಲ ಮೇಲೆ ಕೂತವರನ್ನ ಎಬ್ಬಿಸಬೇಕು. ಸಿಪಾಯಿಗಳನ್ನ ಕಳಿಸು."

ಆ ಮೆಟ್ಟಿಲ ಮೇಲೆ ಗುಬ್ಬಿ ಇದ್ದಾಳೆ.

"ಕಳಿಸಬಹುದು," ಎಂದರು ದಂಡಿನವರು, ತುಂಬ ನಿಧಾನವಾಗಿ. "ಅಲ್ಲಿ ಕೂತವರಲ್ಲಿ ನನ್ನ ಸಿಪಾಯಿಗಳ ತಮ್ಮಂದಿರೂ ತಂಗಿಯರೂ ಇರ್ತಾರೆ. ಆಜ್ಞೆ ಕೊಡೋದು ಸುಲಭ. ಕೊಟ್ಟ ಮೇಲೆ ಅವರು ಕದಲದಿದ್ರೆ? ಆವತ್ತಿಗೆ ನಾನೂ ಇಲ್ಲ, ನೀನೂ ಇಲ್ಲ. ಅದನ್ನ ಪರೀಕ್ಷೆ ಮಾಡೋ ಧೈರ್ಯ ನನಗಿಲ್ಲ."

ಲೈನು ಕಟ್ಟಾಯಿತು. ಸಾಹೇಬರು ಮಾತ್ರ ಇಡಲಿಲ್ಲ. ಸ್ವಲ್ಪ ಹೊತ್ತಿಗೆ, "ಹಲೋ, ಇದ್ದೀಯಾ?" ಎಂದರು.

"ಇದ್ದೀನಿ ಸರ್."

"ಮೇಲ್ವಿಚಾರಕಿಗೆ ಕೊಡು."

"ಅವರು ಬಂದಿಲ್ಲ ಸರ್."

"ಅಲ್ಲಿ ಒಟ್ಟು ಎಷ್ಟು ಜನ ಇದ್ದೀರಿ?"

"ನಾನೊಬ್ಬಳೇ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಬೋರ್ಡಿನ ಮೇಲೆ ಕಣ್ಣಾಡಿಸಿದೆ. ಕಲೆಕ್ಟರರ ಬಂಗಲೆ, ಪೊಲೀಸು, ಖಜಾನೆ, ಜೈಲು, ದಂಡು. ಇವರೆಲ್ಲ ಒಬ್ಬರನ್ನೊಬ್ಬರು ಮುಟ್ಟಬೇಕೆಂದರೆ ನನ್ನ ಎರಡು ಕೈ ಬೇಕು. ಇದೇನಾ ಸರ್ಕಾರ? ಇಷ್ಟೇನಾ?

"ದಯವಿಟ್ಟು," ಎಂದರು ಸಾಹೇಬರು. "ದಯವಿಟ್ಟು ನೀನು ಮಾತ್ರ ಏಳಬೇಡ."

ಅವರು ಗದರಿಸಿದ್ದರೆ ನಾನು ಕೂತೇ ಇರುತ್ತಿದ್ದೆನೇನೋ. ಹೆಡ್‌ಫೋನು ತೆಗೆದು ಕೊಕ್ಕೆಗೆ ಹಾಕಿದೆ. ವೈರುಗಳನ್ನು ಒಂದೊಂದಾಗಿ ಕಳಚಿ ಸಾಲಾಗಿ ಇಟ್ಟೆ. ಎದ್ದೆ. ಹೆಗಲ ಮೇಲೆ ಯಾರ ಕೈಯೂ ಬೀಳದೆ ಎದ್ದದ್ದರಿಂದ ಹೆಗಲು ಏನೋ ಮರೆತು ಬಂದ ಹಾಗೆ ಅನ್ನಿಸುತ್ತಿತ್ತು. ಹಿಂದೆ ಮುಚ್ಚಳಗಳು ಟಪ್ ಟಪ್ ಎಂದು ಬೀಳುತ್ತಲೇ ಇದ್ದವು. ತಿರುಗಿ ನೋಡಲಿಲ್ಲ. ಒಮ್ಮೆ ನೋಡಿದೆ.

ಮೆಟ್ಟಿಲಿಗೆ ಬಂದಾಗ ಎಲ್ಲರೂ ಎಂದಿನಂತೆ ಕಾಲು ಸರಿಸಿ ದಾರಿ ಬಿಟ್ಟರು. ನಾನು ಹೋಗದೆ ನಿಂತೆ. ಗುಬ್ಬಿ ಮುಖ ನೋಡಿದಳು, ಪಕ್ಕಕ್ಕೆ ಸರಿದಳು. ಕೂತೆ. ಅವಳು ನನ್ನ ಹೆಗಲ ಮೇಲೆ ಕೈಯಿಟ್ಟು, "ನನ್ನದು," ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಅಳು ಬಂತು.

"ಆಸ್ಪತ್ರೆ ಕರೆ ಬಂದ್ರೆ?" ಎಂದು ಕೇಳಿದೆ.

"ಒಬ್ಬರು ಒಳಗೆ ಹೋಗಿ ಕೊಡೋಣ, ಅದಕ್ಕೇನಂತೆ. ಅದೊಂದೇ ತುರ್ತು," ಎಂದಳು ಗುಬ್ಬಿ.

ಮನೆಯ ಬಾಗಿಲಲ್ಲಿ ಅಪ್ಪ. "ಬೋರ್ಡು ಬಿಟ್ಟು ಏಳಲಿಲ್ಲ ತಾನೇ?"

"ಎದ್ದೆ ಅಪ್ಪ."

"ಯಾರ ಕೈಗೆ ಕೊಟ್ಟೆ?"

"ಯಾರಿಗೂ ಕೊಡಲಿಲ್ಲ."

ಅವರು ಒಳಗೆ ಹೋಗಿ ಗೋಡೆಯ ಕಡೆಗೆ ತಿರುಗಿ ಕೂತರು.

ಜುಲೈ 16

ಅಪ್ಪ ಮಾತಾಡುತ್ತಿಲ್ಲ. ಬೆರಳೂ ಕುಟ್ಟುತ್ತಿಲ್ಲ.

ಜುಲೈ 21

ಪಾಳಿಯ ಮೇಲೆ ಮೆಟ್ಟಿಲು ಕಾಯುತ್ತೇವೆ. ಡಾಕ್ಟರರು ದಾರಿಯಲ್ಲಿ ನಿಂತು, "ಆ ಗಿರಣಿಯವನ ಕೈ ಉಳೀತು ಕಣಮ್ಮಾ," ಎಂದರು. ಫೆಬ್ರವರಿಯ ಮಗುವಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಹೋಗುವುದಿಲ್ಲ, ಇರಲಿ.

ಸಂಜೆ ಮನೆಗೆ ಬಂದಾಗ ಗೋಡೆಯ ಮೇಲೆ ಪದಕ ಇರಲಿಲ್ಲ. ಅಪ್ಪ ಅದನ್ನು ಅಂಗೈಯಲ್ಲಿ ಹಿಡಿದು ಕೂತಿದ್ದರು. ಒಂದು ವಾರದಲ್ಲಿ ಮೊದಲ ಸಲ ಬಾಯಿ ಬಿಟ್ಟರು.

"ಪ್ರವಾಹದ ದಿನ ನಾನು ಕಳಿಸಿದ ಸಂದೇಶ ಏನು ಅಂತ ನೀನು ಯಾವತ್ತೂ ಕೇಳಲಿಲ್ಲ."

"ದೋಣಿ ಕಳಿಸಿ ಅಂತ ತಾನೇ?"

"ಹೌದು, ದೋಣಿ ಬಂತು." ಅಪ್ಪ ಪದಕವನ್ನು ಮಗುಚಿದರು. "ಆಗಿನ ದೊರೆಯ ಕುದುರೆ ಸಾಗಿಸೋಕೆ. ಸರ್ಕಾರಿ ತುರ್ತು. ನಮ್ಮ ಓಣಿಯ ಜನ ಛಾವಣಿ ಮೇಲೆ ನಿಂತು ಕೂಗ್ತಿದ್ರು. ಕಿಟಕಿಯಿಂದ ಕಾಣ್ತಿತ್ತು. ನಿನ್ನಮ್ಮನೂ ಅಲ್ಲೇ ಇದ್ಲು, ನಿನ್ನ ಎತ್ಕೊಂಡು. ನಾನು ಏಳಲಿಲ್ಲ."

ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. "ನಾಳೆ ಮೆಟ್ಟಿಲ ಹತ್ರ ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗು," ಎಂದರು. "ಬಿಸಿಲಿದ್ರೆ ಛತ್ರಿ ಹಿಡೀತೀನಿ."

ಆಗಸ್ಟ್ 10

ಮುಷ್ಕರ ಮುಗಿದು ಎಲ್ಲರೂ ಬೋರ್ಡಿಗೆ ಮರಳಿದ್ದೇವೆ. ಕೇಳಿದ್ದರಲ್ಲಿ ಕೆಲವು ಸಿಕ್ಕವು. ನನ್ನ ಕೆಲಸ ಖಾಯಂ ಆಗಿಲ್ಲ, ಹೋಗಿಯೂ ಇಲ್ಲ. ಯಾರನ್ನಾದರೂ ತೆಗೆದರೆ ಎಲ್ಲರೂ ಏಳುತ್ತೇವೆಂದು ಗುಬ್ಬಿ ಗಡಿಯಾರದ ಮುಖಕ್ಕೇ ಹೇಳಿದ್ದಾಳೆ.

ಕಾಲು ಈಗಲೂ ಕುಣಿಯುತ್ತದೆ. ಏನೋ ಆಗಬೇಕಾದ್ದು ಆಗದೆ ಉಳಿದಿದೆ ಎಂಬ ಹಾಗೆ.

1947, ಜುಲೈ 24

ಒಂದು ವರ್ಷದಿಂದ ಇದರಲ್ಲಿ ಬರೆದಿಲ್ಲ. ಬ್ರಿಟಿಷರು ಹೊರಡುವ ದಿನ ಗೊತ್ತಾಗಿದೆ. ಬರುವ ತಿಂಗಳು. ಯಾಕೆ ಹೊರಟರು ಎಂಬುದಕ್ಕೆ ಊರಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ವಕೀಲರು ಜೈಲಿಗೆ ಹೋದವರ ತ್ಯಾಗ ಎನ್ನುತ್ತಾರೆ, ಜವಳಿ ಅಂಗಡಿಯವರು ಯುದ್ಧದಲ್ಲಿ ದಿವಾಳಿಯಾದರು ಎನ್ನುತ್ತಾರೆ, ಗುಬ್ಬಿ ಹಡಗಿನ ಹುಡುಗರು ಎನ್ನುತ್ತಾಳೆ. ಎಲ್ಲವೂ ನಿಜವಿರಬೇಕು. ನನ್ನನ್ನು ಯಾರೂ ಕೇಳಲಿಲ್ಲ. ನನಗೇನು ಗೊತ್ತು? ನಾನು ಲೈನು ಜೋಡಿಸುವವಳು.

ಇವತ್ತು ಬೆಳಗ್ಗೆ ಬೋರ್ಡಿನ ತುಂಬ ಗದ್ದಲ. ರಾಜಧಾನಿಯ ಲೈನಿಗೆ ದೊಡ್ಡ ಸರದಿ, ಈರುಳ್ಳಿ ಮಂಡಿಯವನು ಮೂರು ಸಲ ತಗಾದೆ ಮಾಡಿದ್ದ. ಆಗ ಸಾಹೇಬರ ಮುಚ್ಚಳ ಬಿತ್ತು.

"ನಂಬರ್ ಪ್ಲೀಸ್."

ರಾಜಧಾನಿಯ ಹಡಗಿನ ಟಿಕೆಟ್ ಕಚೇರಿಯ ನಂಬರು ಹೇಳಿದರು. ಹೆಂಡತಿಗೂ ತಮಗೂ.

"ಸರ್ಕಾರಿ ತುರ್ತೋ, ಖಾಸಗಿಯೋ?"

ನಾನೇನೂ ಕುಹಕಕ್ಕೆ ಕೇಳಿದ್ದಲ್ಲ, ಎಲ್ಲರನ್ನೂ ಕೇಳುವ ಪ್ರಶ್ನೆ. ಅವರು ಉತ್ತರಿಸಲು ಎಷ್ಟು ತಡ ಮಾಡಿದರೆಂದರೆ, ಲೈನು ಸತ್ತಿತೇನೋ ಎಂದು ಬೋರ್ಡಿನ ಕೀಲಿ ಅಲುಗಿಸಿ ನೋಡಿದೆ.

"ಖಾಸಗಿ," ಎಂದರು.

"ಈರುಳ್ಳಿ ಮಂಡಿಯವರು ಮುಂದಿದ್ದಾರೆ ಸರ್. ಅವರದಾದ ಮೇಲೆ ನಿಮ್ಮದು."

"ಆಗಲಿ. ಕಾಯ್ತೀನಿ."

ಮಂಡಿಯವನು ಮಾತಿಗೆ ನಿಂತರೆ ಮುಗಿಸುವ ಮನುಷ್ಯನಲ್ಲ. ಅಷ್ಟರಲ್ಲಿ ನನ್ನ ಪಾಳಿ ಮುಗಿಯಿತು. ಗುಬ್ಬಿ ಬಂದು ಹೆಗಲ ಮೇಲೆ ಕೈಯಿಟ್ಟು "ನನ್ನದು" ಎಂದಳು. ಸರದಿಯಲ್ಲಿ ಯಾರ್ಯಾರಿದ್ದಾರೆಂದು ಅವಳಿಗೆ ಹೇಳಿ ಮನೆಗೆ ಬಂದೆ. ಅಪ್ಪ ಬಾಗಿಲಲ್ಲೇ ಇದ್ದರು.

"ಊಟ ಆಯ್ತಾ?" ಎಂದು ಕೇಳಿದರು.